ಅಂಗೈಯಗಲದ ಪಿಸ್ತೂಲು

ಆ ಊರಿನಲ್ಲಿ ಯಾರೂ ತಮ್ಮ ಪಿಸ್ತೂಲನ್ನು ತಾವೇ ಒರೆಸಿಕೊಳ್ಳುವ ಹಾಗಿರಲಿಲ್ಲ. ಅಲ್ಲಿದ್ದದ್ದು ಅದೊಂದೇ ಕಟ್ಟಳೆ. ಮಿಕ್ಕಿದ್ದಕ್ಕೆಲ್ಲ ಜನ ಹೇಗೋ ಹೊಂದಿಕೊಂಡು ಹೋಗುತ್ತಿದ್ದರು.

ಊರು ಕಟ್ಟಿದವರು ಒಬ್ಬರನ್ನೊಬ್ಬರು ಕೊಂದು ಕೊಂದು ಸುಸ್ತಾಗಿ ಬಂದವರಂತೆ. ಆಯುಧ ಬಿಸಾಡೋಣ ಎಂದರೆ, ನಾನು ಬಿಸಾಡಿದ ಮೇಲೆ ನೀನೂ ಬಿಸಾಡುತ್ತೀಯೆಂದು ಹೇಗೆ ನಂಬಲಿ ಎಂದು ಪ್ರತಿಯೊಬ್ಬನೂ ಕೇಳಿದನಂತೆ. ಆಗ ಒಬ್ಬ ಹಿರಿಯಳು ಹೇಳಿದಳಂತೆ: "ಬಿಸಾಡಬೇಡಿ. ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಕಟ್ಟಿಕೊಳ್ಳಿ. ಆದರೆ ಒರೆಸುವುದಕ್ಕೆ, ಮದ್ದು ತುಂಬುವುದಕ್ಕೆ ಇನ್ನೊಬ್ಬರ ಕೈಗೆ ಕೊಡಿ." ಅಂದಿನಿಂದ ಅದೇ ನಡೆದುಬಂತು. ಹೆಣ್ಣೆನ್ನದೆ ಗಂಡೆನ್ನದೆ ದೊಡ್ಡವರೆಲ್ಲರ ಸೊಂಟದಲ್ಲೂ ಮೊಳದುದ್ದದ ಒಂದೊಂದು ಪಿಸ್ತೂಲು ತೂಗುತ್ತಿತ್ತು. ಅಜ್ಜ ಮುತ್ತಜ್ಜರ ಕಾಲದ ಹಿತ್ತಾಳೆ ಕಟ್ಟಿನ, ಬೀಟೆ ಹಿಡಿಯ ಭಾರದ ಪಿಸ್ತೂಲು. ಅದರ ತೂಕಕ್ಕೆ ಊರಿಗೆ ಊರೇ ಬಲಕ್ಕೆ ವಾಲಿಕೊಂಡು ನಡೆಯುತ್ತಿತ್ತು. ಆ ಊರಿನವರನ್ನು ಅವರ ಚಪ್ಪಲಿ ನೋಡಿಯೇ ಗುರುತಿಸಬಹುದಿತ್ತು. ಬಲಗಾಲಿನದ್ದೇ ಮೊದಲು ಸವೆಯುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಒರೆಸುವ ಕಟ್ಟೆಗೆ ಬರುತ್ತಿದ್ದರು. ಕಲ್ಲಿನ ಮೇಲೆ ಪಿಸ್ತೂಲುಗಳನ್ನು ಸಾಲಾಗಿ ಇಡುತ್ತಿದ್ದರು. ಯಾರದು ಯಾರ ಪಾಲಿಗೆ ಬರುತ್ತದೋ ಗೊತ್ತಿಲ್ಲ. ಹೆಚ್ಚಾಗಿ, ಮಾತು ಬಿಟ್ಟವನದೇ ಬರುತ್ತಿತ್ತು. ಒರೆಸುವವನು ಬಟ್ಟೆಗೆ ಎಣ್ಣೆ ಹಚ್ಚಿಕೊಂಡು ಕೇಳುತ್ತಿದ್ದ:

"ಇದೇನು?"

"ನನ್ನ ಭಯ."

"ಎಲ್ಲಿದೆ?"

"ನಿನ್ನ ಕೈಯಲ್ಲಿದೆ."

ಇಷ್ಟೇ ಮಂತ್ರ. ನಳಿಗೆಯನ್ನು ಒಳಗೂ ಹೊರಗೂ ಒರೆಸಿ, ಹಳೇ ಮದ್ದು ಚೆಲ್ಲಿ ಹೊಸದು ತುಂಬಿ, ಎರಡೂ ಕೈಯಿಂದ ಹಿಂದಿರುಗಿಸುತ್ತಿದ್ದರು. ಹೀಗೆ ತಲೆಮಾರುಗಳು ಕಳೆದವು. ಊರಿನಲ್ಲಿ ಒಂದೇ ಒಂದು ಗುಂಡು ಹಾರಿರಲಿಲ್ಲ.

ಆ ಪಿಸ್ತೂಲುಗಳ ರಿಪೇರಿಗೆ ಇದ್ದವನು ಒಬ್ಬನೇ ಕಮ್ಮಾರ. ನಡುವಯಸ್ಸು, ಮದುವೆಯಾಗಿರಲಿಲ್ಲ, ಮನೆಯಲ್ಲಿ ತಾಯಿಯೊಬ್ಬಳೇ. ಹೊಸ ಪಿಸ್ತೂಲನ್ನು ಅವನೂ ಮಾಡಿರಲಿಲ್ಲ, ಅವನ ಅಪ್ಪನೂ ಮಾಡಿರಲಿಲ್ಲ. ಸಡಿಲವಾದ ಮೊಳೆ ಬಿಗಿಯುವುದು, ಸೀಳಿದ ಹಿಡಿಗೆ ತಂತಿ ಸುತ್ತುವುದು, ತುಕ್ಕು ಕೆರೆಯುವುದು, ಅಷ್ಟೇ ಅವನ ಕಸುಬು. ಆ ಕಸುಬಿನಲ್ಲಿ ಅವನಿಗೆ ಬೇಸರವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ.

ಒಂದು ದಿನ ತಾಯಿ ಕುಲುಮೆಯ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತಳು.

"ಮಗಾ, ಈ ಕಬ್ಬಿಣ ನನ್ನನ್ನ ನೆಲಕ್ಕೆ ಎಳೀತಾ ಇದೆ ಕಣೋ. ಸೊಂಟ ನಿಲ್ಲಲ್ಲ. ಇದನ್ನ ಒಂಚೂರು ಸಣ್ಣದು ಮಾಡಿಕೊಡು."

"ಬಿಚ್ಚಿಡವ್ವ. ನಿನ್ನ ವಯಸ್ಸಿಗೆ ಯಾರು ಕೇಳ್ತಾರೆ?"

"ಬಿಚ್ಚಿಟ್ಟರೆ ಕಟ್ಟೆ ಮೇಲೆ ನನ್ನ ಯಾರು ಕರೀತಾರೆ? ಉಸಿರಿರುವಾಗಲೇ ಸತ್ತವರ ಜೊತೆ ಸೇರಿಸಿಬಿಡ್ತಾರೆ. ಬೇಡಪ್ಪ. ನಂದೇ ಇರಲಿ, ಹಗುರಾಗಿರಲಿ."

ಸಣ್ಣದು ಮಾಡುವುದೆಂದರೆ ತುದಿ ಕತ್ತರಿಸುವುದು ಎಂದು ಕಮ್ಮಾರ ಮೊದಲು ತಿಳಿದಿದ್ದ. ಕೂತು ನೋಡಿದಾಗ ಅದು ಹಾಗಲ್ಲವೆಂದು ಗೊತ್ತಾಯಿತು. ಕಾಲು ಕತ್ತರಿಸಿದರೆ ದೊಡ್ಡವನು ಮಗುವಾಗುವುದಿಲ್ಲ. ಅವನು ಅಟ್ಟದಿಂದ ತಾತನ ಪೆಟ್ಟಿಗೆ ಇಳಿಸಿದ. ಅದರಲ್ಲಿ ಎಲ್ಲೆಲ್ಲಿಯವೋ, ಯಾವ್ಯಾವ ಕಾಲದವೋ ಮುರುಕು ಪಿಸ್ತೂಲುಗಳಿದ್ದವು. ಗಿಳಿಮೂತಿಯ ಹಿಡಿಯದೊಂದು. ಉಮ್ಮತ್ತಿ ಹೂವಿನ ಹಾಗೆ ಬಾಯಿ ಅರಳಿದ್ದೊಂದು. ಮೈಯೆಲ್ಲ ಬಳ್ಳಿ ಕೆತ್ತಿ, ಆ ಬಳ್ಳಿಯೊಳಗೆ ಕುದುರೆಯನ್ನು, ಎಂದರೆ ಬೆರಳಿನಿಂದ ಎಳೆಯುವ ಆ ಕೊಕ್ಕೆಯನ್ನು, ಮೊಗ್ಗಿನಂತೆ ಅಡಗಿಸಿದ್ದೊಂದು. ಇಷ್ಟು ದಿನ ಅವನ್ನು ಗುಜರಿ ಎಂದು ನೋಡಿದ್ದ. ಈಗ ಗುರುಗಳೆಂದು ನೋಡಿದ. ಬಿಚ್ಚಿದ, ಹರವಿದ, ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡ, ಅಳಿಸಿದ, ಮತ್ತೆ ಬರೆದ. ಮನೆಮನೆಗೆ ಹೋಗಿ, "ನಿಮ್ಮದೊಂದು ಸಲ ತೋರಿಸಿ" ಎಂದು ಕೇಳಿದ. ಎಲ್ಲರೂ ಸಂತೋಷದಿಂದ ತೋರಿಸಿದರು. ಮುಚ್ಚಿಡುವಂಥದು ಆಗ ಯಾರ ಹತ್ತಿರವೂ ಇರಲಿಲ್ಲ.

ಪೆಟ್ಟಿಗೆಯ ತಳದಲ್ಲಿ, ಕೊಳೆತ ಬಟ್ಟೆಯೊಳಗೆ, ಒಂದು ಪುಟ್ಟ ಪಿಸ್ತೂಲು ಸಿಕ್ಕಿತು. ಅರ್ಧಕ್ಕೇ ಬಿಟ್ಟದ್ದು. ನಳಿಗೆಯಿತ್ತು, ಹಿಡಿಯಿತ್ತು, ಕುದುರೆ ಇರಬೇಕಾದ ಜಾಗ ಖಾಲಿಯಿತ್ತು. ಮಾಡಿದವನ ಕೈ ಒಳ್ಳೆಯ ಕೈ, ಬಾರದೆ ಬಿಟ್ಟದ್ದಲ್ಲ. ಯಾಕೆ ನಿಲ್ಲಿಸಿದನೋ ಎಂದು ಕಮ್ಮಾರ ಸ್ವಲ್ಪ ಹೊತ್ತು ಯೋಚಿಸಿದ. ಕಣ್ಣು ಹೋಗಿರಬೇಕು, ಇಲ್ಲವೇ ಜೀವ ಹೋಗಿರಬೇಕು ಎಂದುಕೊಂಡ. ಆ ದಾರಿಯನ್ನೇ ಹಿಡಿದು ಮುಂದಕ್ಕೆ ಹೋದ.

ಕೆಲಸ ಮಾಡುತ್ತ ಮಾಡುತ್ತ ಒಂದು ಸಂಗತಿ ಅವನ ಕೈಗೆ ತಿಳಿಯಿತು. ಹಳೆಯ ದೊಡ್ಡ ಪಿಸ್ತೂಲಿನ ಕುದುರೆ ಬಿಗಿ. ಸೊಂಟದಿಂದ ಎಳೆದು, ಎತ್ತಿ, ಎರಡು ಬೆರಳು ಹಾಕಿ ಜಗ್ಗುವ ಹೊತ್ತಿಗೆ ಎಂಥವನ ಕೋಪವೂ ಅರ್ಧ ಇಳಿದಿರುತ್ತದೆ. ಚಿಕ್ಕದರ ಕುದುರೆಗೆ ಆ ಬಿಗಿ ಬರಲಿಲ್ಲ. ಏನು ಮಾಡಿದರೂ ಅದು ಹಗುರ, ಒಣಗಿದ ಎಲೆ ಮುಟ್ಟಿದ ಹಾಗೆ. ಅವನಿಗೆ ಒಳಗೊಳಗೇ ಏನೋ ಚುಚ್ಚಿತು. ಆದರೆ ಹೊರಗೆ ತಾಯಿ ಸೊಂಟ ನೀವಿಕೊಳ್ಳುತ್ತ ಕೂತಿದ್ದಳು.

ತಾಯಿಗೆ ಹೇಳತೀರದ ಸಂತೋಷವಾಯಿತು. ಅವಳ ದೊಡ್ಡ ಪಿಸ್ತೂಲನ್ನೇ ಕರಗಿಸಿ ಮಾಡಿದ ಅದರದೇ ತದ್ರೂಪು, ಅದೇ ಹಿತ್ತಾಳೆ ಕಟ್ಟು, ಅದೇ ಬೀಟೆಯ ಹಿಡಿ, ಆದರೆ ಅಂಗೈಯಗಲ. ಕರಿದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಬೀದಿಯಲ್ಲಿ ನೆಟ್ಟಗೆ ನಡೆದಳು. ಅವಳನ್ನು ನೆಟ್ಟಗೆ ನೋಡಿ ಎಷ್ಟು ವರ್ಷವಾಗಿತ್ತೋ, ಮಕ್ಕಳು ಇವಳು ಬೇರೆ ಯಾರೋ ಎಂದುಕೊಂಡರು.

ಅಮಾವಾಸ್ಯೆ ಬಂತು. ಅವಳದನ್ನು ಒರೆಸುವ ಪಾಳಿ ಯಜಮಾನನಿಗೆ ಬಿತ್ತು. ಊರಿನ ಹಿರಿತನ ಅವನದು. ಅಗಲವಾದ ಕೈ, ನಿಧಾನದ ಮಾತು. ಅವನು ಅಂಗೈ ಮೇಲೆ ಆ ಪುಟ್ಟದನ್ನು ಇಟ್ಟುಕೊಂಡು "ಇದೇನು?" ಎಂದು ಕೇಳಿದ.

"ನನ್ನ ಭಯ," ಎಂದು ಮುದುಕಿ ನಕ್ಕಳು.

"ಎಲ್ಲಿದೆ?" ಎನ್ನುವ ಮೊದಲು ಯಜಮಾನ ಮುಷ್ಟಿ ಮುಚ್ಚಿದ. ಪಿಸ್ತೂಲು ಕಾಣದಾಯಿತು. ತೆರೆದ, ಕಂಡಿತು. ಮತ್ತೆ ಮುಚ್ಚಿದ. ಎಲ್ಲರೂ ಆ ಮುಷ್ಟಿಯನ್ನೇ ನೋಡುತ್ತಿದ್ದರು. ಮುದುಕಿ ಮಾತ್ರ ಏನೂ ತಿಳಿಯದೆ, "ನಿನ್ನ ಕೈಯಲ್ಲಿದೆ" ಎಂದು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟಳು.

ಆ ಊರಿನಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ಬೀದಿಗಳು ಬರಿದಾಗುತ್ತಿದ್ದವು. ಎಲ್ಲರೂ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಅಂಥದೊಂದು ಮಧ್ಯಾಹ್ನ ಯಜಮಾನ ಕುಲುಮೆಗೆ ಬಂದ. ಒಳಗೆ ಬಂದವನೇ ಬಾಗಿಲು ಮುಚ್ಚಿದ.

"ನನಗೂ ಸೊಂಟನೋವು ಕಣಯ್ಯ."

"ನಿಮ್ಮದನ್ನ ಕೊಡಿ ಯಜಮಾನರೇ. ಕರಗಿಸಿ ಮಾಡ್ತೀನಿ."

"ಅದು ಸೊಂಟದಲ್ಲೇ ಇರಲಿ. ಇದು ಬೇರೆ."

ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸಿದ. "ಅದನ್ನ ಯಾರು ಒರೆಸ್ತಾರೆ?"

"ಯಾರೂ ನೋಡದೆ ಇದ್ದದ್ದನ್ನ ಯಾರೂ ಒರೆಸಬೇಕಾಗಿಲ್ಲ."

"ಕಟ್ಟಳೆ?"

"ಕಟ್ಟಳೆ!" ಯಜಮಾನ ಮೆಲ್ಲಗೆ ನಕ್ಕ. "ನಿನ್ನವ್ವ ಕೊರಳಿಗೆ ಹಾಕಿಕೊಂಡಿದ್ದಾಳಲ್ಲ, ಅದು ಕಟ್ಟಳೆಗೆ ಸರಿಯೋ ತಪ್ಪೋ ಅಂತ ನಾನಿನ್ನೂ ಬಾಯಿಬಿಟ್ಟು ಹೇಳಿಲ್ಲ. ಹೇಳಬೇಕಾ?"

ಕಮ್ಮಾರ ಹೇಳಬೇಡಿ ಎಂದ. ಮಾಡಿಕೊಟ್ಟ. ಹೋಗುವಾಗ ಯಜಮಾನ ತಿರುಗಿ, "ನಾನೊಬ್ಬನೇ. ಯಾರಿಗೂ ಗೊತ್ತಾಗಬಾರದು" ಎಂದ.

ಮಾರನೆಯ ಮಧ್ಯಾಹ್ನ ಸೂಲಗಿತ್ತಿ ಬಂದಳು. ಆಮೇಲೆ ಗಡಿ ಕಾಯುವವನು ಬಂದ, ಆಮೇಲೆ ಪೂಜಾರಿ, ಆಮೇಲೆ ಪೂಜಾರಿಯ ಹೆಂಡತಿ. ಒಬ್ಬೊಬ್ಬರೂ ಬಾಗಿಲು ಮುಚ್ಚಿದರು. ಒಬ್ಬೊಬ್ಬರೂ ಅದೇ ಮಾತು ಹೇಳಿದರು: ನಾನೊಬ್ಬನೇ, ನಾನೊಬ್ಬಳೇ, ಯಾರಿಗೂ ಗೊತ್ತಾಗಬಾರದು. ಹಿಂದಿನವರಿಗೆ ಕೊಟ್ಟ ಮಾತು ಮುಂದಿನವರಿಗೆ ಬೇಡ ಎನ್ನದ ಹಾಗೆ ಕಮ್ಮಾರನ ಬಾಯಿ ಕಟ್ಟಿತ್ತು. ಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳಿದರೆ ಹೆಸರು ಹೇಳಿದಂತೆ. ನಿಜ ಹೇಳಬೇಕೆಂದರೆ, ಅವನಿಗೆ ಕೆಲಸದ ರುಚಿಯೂ ಹತ್ತಿತ್ತು. ಒಂದಕ್ಕಿಂತ ಒಂದು ಚಿಕ್ಕದಾಗುತ್ತ, ಚೊಕ್ಕಟವಾಗುತ್ತ ಬಂತು. ತುರುಬಿನಲ್ಲಿ ಅಡಗುವಂಥದು, ಎಲೆಯಡಿಕೆ ಚೀಲದ ತಳದಲ್ಲಿ ಕೂರುವಂಥದು. ಜೀವಮಾನವೆಲ್ಲ ತುಕ್ಕು ಕೆರೆದ ಕೈ ಅದು. ಅದಕ್ಕೆ ಈಗ ತಾನೂ ಏನೋ ಹುಟ್ಟಿಸುತ್ತಿದ್ದೇನೆ ಎನ್ನಿಸುತ್ತಿತ್ತು.

ಕಟ್ಟೆಯ ಮೇಲೆ ದೊಡ್ಡ ಪಿಸ್ತೂಲುಗಳ ಸಾಲು ಹಾಗೆಯೇ ಇತ್ತು. ಮಂತ್ರವೂ ಹಾಗೆಯೇ ಇತ್ತು. ನಿನ್ನ ಕೈಯಲ್ಲಿದೆ ಎನ್ನುವಾಗ ಜನರ ದನಿ ಮಾತ್ರ ಸ್ವಲ್ಪ ತಗ್ಗುತ್ತಿತ್ತು.

ನಾನು ಮಾಡಿಸಿಕೊಂಡ ಮೇಲೆ ಅವನು ಯಾಕೆ ಮಾಡಿಸಿಕೊಂಡಿರಬಾರದು? ಈ ಪ್ರಶ್ನೆ ಒಬ್ಬೊಬ್ಬರ ತಲೆಯಲ್ಲೂ ಬೇರೆ ಬೇರೆಯಾಗಿ ಹುಟ್ಟಿತು, ಯಾರೂ ಇನ್ನೊಬ್ಬರಿಗೆ ಹೇಳಲಿಲ್ಲ. ಮೊದಲು ನಮಸ್ಕಾರ ಕೆಟ್ಟಿತು. ಜೋಡಿಸಿದ ಕೈಗಳ ನಡುವೆ ಏನಿದೆಯೋ ಯಾರು ಕಂಡವರು? ಎದುರಾದವರು ಅಂಗೈ ಬಿಡಿಸಿ ಹಿಂದೆಮುಂದೆ ತಿರುಗಿಸಿ ತೋರಿಸುವುದು ರೂಢಿಯಾಯಿತು. ಬಾಣಂತಿಯ ಮಗುವನ್ನು ನೋಡಲು ಹೋದವರು ಮೊದಲು ಅದರ ಬಟ್ಟೆ ಬಿಚ್ಚಿಸಿ ನೋಡತೊಡಗಿದರು. ಮದುವೆಯ ಊಟಕ್ಕೆ ಕೂತವರು ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದರು; ಪಂಕ್ತಿಗಳೆಲ್ಲ ಗೋಡೆಗಂಟಿಕೊಂಡು, ನಡುಚಪ್ಪರ ಹೊಲದ ಹಾಗೆ ಬಯಲಾಗಿರುತ್ತಿತ್ತು. ಮಡಿಲಕ್ಕಿ ಹಾಕುವವಳು ತುದಿಬೆರಳಿನಿಂದ ಎಸೆದಂತೆ ಹಾಕುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಸೆರಗು ಸರಿಪಡಿಸಿಕೊಂಡರೆ ಹತ್ತು ಜನ ನಿಂತುಬಿಡುತ್ತಿದ್ದರು. ಅಪ್ಪಿಕೊಳ್ಳುವುದನ್ನು ಊರು ಮರೆತಂತಾಯಿತು.

ಮುದುಕಿಯ ಕೊರಳು ಕಂಡರೆ ಜನ ದಾರಿ ಬಿಟ್ಟು ನಡೆಯುತ್ತಿದ್ದರು. ಎದುರಿಗೆ ಇಷ್ಟು ತೋರಿಸುವವಳು ಒಳಗೆ ಎಷ್ಟು ಇಟ್ಟಿರಬೇಡ ಎಂದು ಪಿಸುಗುಟ್ಟುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಹೆದರಿದವನು ಕಮ್ಮಾರ. ಮಿಕ್ಕವರಿಗೆ ಅನುಮಾನ ಮಾತ್ರವಿತ್ತು, ಇವನಿಗೆ ಗೊತ್ತಿತ್ತು. ಎದುರಿಗೆ ಬಂದವರ ಮುಖ ಇವನಿಗೆ ಕಾಣುತ್ತಿರಲಿಲ್ಲ. ಈಕೆಯ ತುರುಬು, ಇವನ ಚೀಲ, ಆತನ ರುಮಾಲಿನ ಮಡಿಕೆ, ಅಷ್ಟೇ ಕಾಣುತ್ತಿತ್ತು. ನಾನೊಬ್ಬನೇ ಬರಿಗೈ, ಈ ಗುಟ್ಟೆಲ್ಲ ಬಲ್ಲವನನ್ನು ಯಾರು ತಾನೆ ಉಳಿಸುತ್ತಾರೆ ಎಂದುಕೊಂಡು, ಕೊನೆಗೆ ತನಗೂ ಒಂದು ಮಾಡಿಕೊಂಡ. ಎಲ್ಲಕ್ಕಿಂತ ಚಿಕ್ಕದು. ಅಂಗಿಯ ತೋಳಿನೊಳಗೆ ಇಟ್ಟುಕೊಂಡ.

ಒಂದು ಸಂಜೆ ಅವನು ಊಟಕ್ಕೆ ಕೂತಿದ್ದಾಗ ತಾಯಿ ಹಿಂದಿನಿಂದ ಬಂದು ನೆತ್ತಿಗೆ ಕೈಯಿಟ್ಟಳು. ಅವನು ಬೆಚ್ಚಿ ಆ ಕೈಯನ್ನು ಹಿಡಿದುಬಿಟ್ಟ. ಹಿಡಿತ ಗಟ್ಟಿಯಾಗಿತ್ತು.

"ಏನೋ ಮಗಾ?"

"ಏನಿಲ್ಲ. ಕೈ ತೋರಿಸು."

ತಾಯಿ ತೋರಿಸಿದಳು. ಅಂಗೈಯಲ್ಲಿ ಹರಳೆಣ್ಣೆ ಹೊಳೆಯುತ್ತಿತ್ತು. "ಉಷ್ಣ ಆಗಿದೆ ಅಂದಿದ್ದೆಯಲ್ಲ, ಅದಕ್ಕೆ," ಎಂದಳು. ಅವನು ಕೈ ಬಿಟ್ಟ. ಅವಳು ಎಣ್ಣೆ ಹಚ್ಚಲಿಲ್ಲ. ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಊರಿನಲ್ಲಿ ಎಣ್ಣೆಗಾಣದ ಅಣ್ಣ ತಮ್ಮಂದಿರಿದ್ದರು. ಪಾಲಾಗುವಾಗ ಅಣ್ಣನಿಗೆ ಗಾಣ ಹೋಯಿತು, ತಮ್ಮನಿಗೆ ಎತ್ತು ಹೋಯಿತು. ಎತ್ತಿಲ್ಲದೆ ಗಾಣ ತಿರುಗಲಿಲ್ಲ, ಗಾಣವಿಲ್ಲದೆ ಎತ್ತಿಗೆ ಕೆಲಸವಿರಲಿಲ್ಲ. ಆದರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಊರಿಗೆ ಎಣ್ಣೆ ಸಾಲದಾಯಿತು. ಒರೆಸುವ ಬಟ್ಟೆಗೂ ಎಣ್ಣೆಯಿಲ್ಲ ಎನ್ನುವ ಹೊತ್ತಿಗೆ ಹಿರಿಯರು ಸೇರಿ, ಅಮಾವಾಸ್ಯೆಯ ದಿನ ಇಬ್ಬರೂ ಕಟ್ಟೆಯ ಮೇಲೆ ಅಪ್ಪಿಕೊಂಡು ಒಂದಾಗಬೇಕು ಎಂದು ಒಪ್ಪಿಸಿದರು. ಒಪ್ಪಿಸಿದ್ದು ಅಣ್ಣನ ಹೆಂಡತಿ ಎಂದರೂ ಸರಿ. ಮೈದುನನನ್ನು ಸಣ್ಣವನಿದ್ದಾಗಿನಿಂದ ಸಾಕಿದವಳು ಅವಳೇ. "ಅಣ್ಣನೇ ಬರ್ತಾರೆ, ನೀನು ಒಂದು ಹೆಜ್ಜೆ ಬಾ" ಎಂದು ಮೈದುನನಿಗೂ, "ತಮ್ಮನೇ ಬರ್ತಾನೆ, ನೀವು ಒಂದು ಹೆಜ್ಜೆ ಬನ್ನಿ" ಎಂದು ಗಂಡನಿಗೂ ಬೇರೆ ಬೇರೆಯಾಗಿ ಹೇಳಿ ನಡೆಸಿದ್ದಳು.

ಅಣ್ಣನೂ ಒಂದು ಮಧ್ಯಾಹ್ನ ಕುಲುಮೆಗೆ ಬಂದಿದ್ದ. ತಮ್ಮನೂ ಒಂದು ಮಧ್ಯಾಹ್ನ ಬಂದಿದ್ದ. ಅದು ಕಮ್ಮಾರನಿಗೆ ಮಾತ್ರ ಗೊತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ತಮ್ಮ ದೊಡ್ಡ ಪಿಸ್ತೂಲುಗಳನ್ನು ಕಲ್ಲಿನ ಮೇಲಿಟ್ಟು, ಬರಿ ಸೊಂಟದಲ್ಲಿ ಎದುರುಬದುರು ನಿಂತರು. ಅಂಗೈ ಬಿಡಿಸಿ ತೋರಿಸಿದರು. ಅಣ್ಣನ ಕಣ್ಣಲ್ಲಿ ನೀರಿತ್ತು. ತಮ್ಮ ಮುಂದೆ ಬಂದ, ಅಣ್ಣ ತೋಳು ತೆರೆದ, ಎದೆಗೆ ಎದೆ ಒತ್ತಿದರು. ಎಷ್ಟು ದಿನದ ಮೇಲಿನ ಅಪ್ಪುಗೆ ಅದು. ಊರೇ ನೋಡುತ್ತಿತ್ತು. ತೆಂಗಿನಕಾಯಿ ಒಡೆದಷ್ಟು ಸದ್ದಾಯಿತು. ಅಷ್ಟೇ. ಅಣ್ಣ ತಮ್ಮನ ತೋಳಿನಲ್ಲೇ ಕುಸಿದ.

"ನಾನಲ್ಲ!" ಎಂದು ತಮ್ಮ ಕೂಗಿದ. ಅವನ ಎದೆಯೆಲ್ಲ ರಕ್ತವಾಗಿತ್ತು, ಆದರೆ ಗಾಯವಿರಲಿಲ್ಲ. "ನಾನಲ್ಲ, ನಾನು ಏನೂ ಮಾಡಲಿಲ್ಲ!"

ಜನ ಮೊದಲು ಕಲ್ಲಿನ ಮೇಲಿನ ಸಾಲನ್ನು ನೋಡಿದರು. ಒಂದೂ ಅಲುಗಿರಲಿಲ್ಲ. ಆಮೇಲೆ ಮುದುಕಿಯ ಪುಟ್ಟದನ್ನು ನೋಡಿದರು. ಅದೂ ಆಗತಾನೆ ಒರೆಸಿಟ್ಟದ್ದು, ತಣ್ಣಗಿತ್ತು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ತಮ್ಮನ ಮೈ ಹುಡುಕಿ ಎಂದು ಯಾರೂ ಹೇಳಲಿಲ್ಲ. ಹುಡುಕುವುದು ಒಂದು ಸಲ ಶುರುವಾದರೆ ಎಲ್ಲಿಗೆ ನಿಲ್ಲುತ್ತದೆ? ಯಜಮಾನ ಗಂಟಲು ಸರಿಮಾಡಿಕೊಂಡು, ಇವನನ್ನು ಗಾಣದ ಮನೆಯಲ್ಲಿ ಕೂಡಿಹಾಕಿ, ತಿಥಿಯ ಮಾರನೆಯ ದಿನ ತೀರ್ಮಾನ ಮಾಡೋಣ ಎಂದ. ಅಂಥದಕ್ಕೆ ಶಿಕ್ಷೆ ಏನೆಂದು ಹಳಬರಿಗೆ ಗೊತ್ತಿತ್ತು. ಸೊಂಟ ಬರಿದು ಮಾಡಿ ಗಡಿಯಾಚೆಗೆ ಅಟ್ಟುವುದು. ಗಡಿಯಾಚೆಯ ಬಯಲಿನಲ್ಲಿ ನೀರಿರಲಿಲ್ಲ. ಅಲ್ಲಿಗೆ ಹೋದವರು ಬೇರೆ ಊರು ಸೇರಿದ ಸುದ್ದಿಯೂ ಇರಲಿಲ್ಲ.

ಹೆಣವನ್ನು ಹೆಂಡತಿ ಬಾಗಿಲು ಮುಚ್ಚಿಕೊಂಡು ತಾನೇ ತೊಳೆದಳು. ಆ ಊರಿನ ಪದ್ಧತಿ ಅದು.

ಕಮ್ಮಾರ ಗಾಣದ ಮನೆಯ ಬೆಳಕಿಂಡಿಯ ಹತ್ತಿರ ಹೋದ. ತಮ್ಮ, ತಿರುಗದೆ ನಿಂತಿದ್ದ ಗಾಣದ ಮರಕ್ಕೆ ಒರಗಿ ಕೂತಿದ್ದ.

"ನಿನ್ನದು ಹಾರಿತೇನೋ?"

"ಇಲ್ಲ."

"ತೋರಿಸು."

ತಮ್ಮ ರುಮಾಲಿನ ಒಳಮಡಿಕೆಯಿಂದ ಅದನ್ನು ತೆಗೆದು ಕಿಂಡಿಗೆ ಹಿಡಿದ. ಕಮ್ಮಾರ ಮೂಸಿದ. ಮದ್ದು ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಹಾಗಾದರೆ ಹಾರಿದ್ದು ಅಣ್ಣನದೇ. ಎದೆಯ ಮಗ್ಗುಲಲ್ಲಿ ಅಡಗಿಸಿಟ್ಟದ್ದು, ಅಪ್ಪುಗೆಯ ಒತ್ತಿಗೆ. ಒಣಗಿದ ಎಲೆ ಮುಟ್ಟಿದಷ್ಟು ಹಗುರವಾದ ಆ ಕುದುರೆ ಕಮ್ಮಾರನ ಬೆರಳಿನ ತುದಿಗೆ ನೆನಪಾಯಿತು.

"ಇದನ್ನ ಕಟ್ಟೆ ಮೇಲೆ ತೋರಿಸು. ಬದುಕ್ತೀಯ."

"ತೋರಿಸಿ ಏನಂತ ಹೇಳಲಿ? ಅಣ್ಣನನ್ನ ಅಪ್ಪಿಕೊಳ್ಳೋಕೆ ಇದನ್ನ ಇಟ್ಟುಕೊಂಡು ಬಂದಿದ್ದೆ ಅಂತ ಅತ್ತಿಗೆ ಎದುರಿಗೆ ಹೇಳಲಾ?" ತಮ್ಮ ಅದನ್ನು ಮತ್ತೆ ಮಡಿಕೆಯೊಳಗೆ ಇಟ್ಟ. "ಗಡಿಯಾಚೆನೇ ವಾಸಿ."

ಕಮ್ಮಾರ ಮನೆಗೆ ಬಂದ. ತಾಯಿ ಹೊಸಲ ಮೇಲೆ ಕೂತಿದ್ದಳು, ಒಳಗೆ ಹೋಗಲು ಜಾಗ ಬಿಡಲಿಲ್ಲ.

"ಯಾರ್ಯಾರಿಗೆ ಮಾಡಿಕೊಟ್ಟೆ?"

"ಹೇಳಬಾರದವ್ವ. ಮಾತು ಕೊಟ್ಟಿದೀನಿ."

"ಎಲ್ಲರಿಗೂ ಅನ್ನು." ಅವಳು ಅವನ ಮುಖ ನೋಡಲಿಲ್ಲ. "ನನ್ನ ಕೊರಳು ನೋಡಿ ಅಷ್ಟು ಜನ ಯಾಕೆ ಮುಖ ತಿರುಗಿಸ್ತಾರೆ ಅಂತ ನಾನು ಯೋಚನೆ ಮಾಡ್ತಾನೇ ಇದ್ದೆ. ಇಂಥದು ಇಲ್ಲದವರು ಬೆಪ್ಪಾಗಿ ನೋಡಬೇಕಿತ್ತು. ಯಾರೂ ಬೆಪ್ಪಾಗಿ ನೋಡಲಿಲ್ಲ."

ಅವನು ಅವಳ ಪಕ್ಕ ಮೆಟ್ಟಿಲಿನ ಮೇಲೆ ಕೂತ.

"ನನ್ನ ಸೊಂಟಕ್ಕೋಸ್ಕರ ಶುರುವಾದದ್ದು ಇದು. ಇದರಲ್ಲಿ ನನ್ನ ಪಾಲೂ ಇದೆ, ನೀನೊಬ್ಬನೇ ಹೊರಬೇಡ. ಆದರೆ ಬಾಯಿ ನಿನ್ನದು. ನೀನೇ ಹೇಳಬೇಕು." ಏಳುವಾಗ ಅವಳು ಅವನ ತೋಳು ಹಿಡಿದುಕೊಂಡು ಎದ್ದಳು. ಬೆರಳಿಗೆ ಗಟ್ಟಿಯಾದದ್ದು ತಾಕಿತು. "ಇದನ್ನೂ ಹೇಳು," ಎಂದಳು.

ತೀರ್ಮಾನದ ಬೆಳಿಗ್ಗೆ ಊರೆಲ್ಲ ಕಟ್ಟೆಗೆ ಸೇರಿತು. ಗೋಡೆಯಿಲ್ಲದ ಜಾಗ, ಬೆನ್ನು ಕೊಡಲು ಏನೂ ಇಲ್ಲದೆ ಜನ ಅರ್ಧರ್ಧ ತಿರುಗಿಕೊಂಡು ನಿಂತಿದ್ದರು. ತಮ್ಮ ತಲೆ ತಗ್ಗಿಸಿ ನಡುವೆ ನಿಂತಿದ್ದ. ಯಜಮಾನ ಶಿಕ್ಷೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಮ್ಮಾರ ಮೆಟ್ಟಿಲು ಹತ್ತಿದ.

"ಕೊಂದವನು ಇವನಲ್ಲ. ಸತ್ತವನ ಮೈಮೇಲೆ ಇದ್ದದ್ದೇ ಸತ್ತವನನ್ನ ಕೊಂದಿತು. ಅದನ್ನ ಮಾಡಿಕೊಟ್ಟವನು ನಾನು."

ಗುಜುಗುಜು ಎದ್ದಿತು. ಯಜಮಾನನ ಮುಖ ಮಾತ್ರ ಅಲುಗಲಿಲ್ಲ. "ಇನ್ನು ಯಾರಿಗೆ ಮಾಡಿಕೊಟ್ಟಿದ್ದೀಯ?"

"ಎಲ್ಲರಿಗೂ."

ಒಬ್ಬೊಬ್ಬರೂ, ನಾನೊಬ್ಬನೇ ಎಂದು ಹೇಳಿ ಮಾಡಿಸಿಕೊಂಡಿದ್ದವರು, ಪಕ್ಕದವರ ಕಡೆ ಕಣ್ಣು ಹೊರಳಿಸಿದರು. ಪಕ್ಕದವರೂ ಅದೇ ಹೊತ್ತಿಗೆ ಹೊರಳಿಸಿದರು. ಕಣ್ಣಿಗೆ ಕಣ್ಣು ತಾಕಿದ ಕೂಡಲೇ ಎಲ್ಲರೂ ಕಮ್ಮಾರನ ಕಡೆ ತಿರುಗಿದರು.

"ಎಲ್ಲರಿಗೂ ಅಂದರೆ ಯಾರಿಗೂ ಇಲ್ಲ ಅಂತ ಅರ್ಥ," ಎಂದ ಯಜಮಾನ ನಿಧಾನವಾಗಿ. "ಕಳ್ಳ ಸಿಕ್ಕಿಬಿದ್ದಾಗ ಊರೆಲ್ಲ ಕಳ್ಳರು ಅಂತಾನೆ."

"ಸುಳ್ಳ!" ಎಂದಳು ಸೂಲಗಿತ್ತಿ, ತುರುಬಿನ ಮೇಲೆ ಕೈಯಿಟ್ಟುಕೊಂಡು.

"ಹಾಗಾದರೆ ಹುಡುಕಿಸಿ," ಎಂದ ಕಮ್ಮಾರ. "ನನ್ನಿಂದಲೇ ಶುರುಮಾಡಿ." ತೋಳು ಜಾಡಿಸಿದ. ಪುಟ್ಟ ಪಿಸ್ತೂಲು ಕಲ್ಲಿನ ಮೇಲೆ ಬಿತ್ತು.

ಅವನು ಅಂದುಕೊಂಡದ್ದೇ ಒಂದು, ಆದದ್ದೇ ಒಂದು. "ಸಿಕ್ಕಿತಲ್ಲ!" ಎಂದು ಯಾರೋ ಕೂಗಿದರು. "ಇದೇ ಅದು! ಇಬ್ಬರೂ ಸೇರಿ ಮಾಡಿದ್ದು!" ಎಂದು ಇನ್ನೊಬ್ಬರು. ಆ ಕೂಗಿನಲ್ಲಿ ಎಲ್ಲಿಲ್ಲದ ಬಿಡುಗಡೆಯಿತ್ತು. ಗಡಿ ಕಾಯುವವನು ಬಂದು ಕಮ್ಮಾರನ ರಟ್ಟೆ ಹಿಡಿದ. ಮುದುಕಿ ಜನರನ್ನು ತಳ್ಳಿಕೊಂಡು ಮುಂದೆ ಬಂದು, "ಹಾಗಾದರೆ ನನ್ನನ್ನೂ ಕಳಿಸಿ" ಎಂದಳು.

ಆಗ ಗಾಣದ ಅತ್ತಿಗೆ ಎದ್ದಳು. ಅಷ್ಟು ಹೊತ್ತೂ ಹೆಂಗಸರ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದವಳು. ನಡೆದು ಬಂದು, ಮಡಿಲಿನಿಂದ ಒಂದು ಬಟ್ಟೆಯ ಗಂಟು ತೆಗೆದು, ಕಲ್ಲಿನ ಮೇಲಿಟ್ಟು ಬಿಚ್ಚಿದಳು. ಅಂಗೈಯಗಲದ ಪಿಸ್ತೂಲು. ಬಾಯಿ ಸುಟ್ಟು ಕಪ್ಪಾಗಿತ್ತು. ಬಟ್ಟೆಯಲ್ಲಿ ಒಣಗಿದ ರಕ್ತವಿತ್ತು.

"ತೊಳೆಯುವಾಗ ಸಿಕ್ಕಿತು," ಎಂದಳು. "ಎದೆಗೆ ಕಟ್ಟಿಕೊಂಡಿದ್ದರು. ಸತ್ತವರ ಮರ್ಯಾದೆ ಅಂತ ಮುಚ್ಚಿಟ್ಟೆ." ಆಮೇಲೆ ಮೈದುನನ ಕಡೆ ತಿರುಗಿದಳು. "ನಿನ್ನನ್ನ ಗಡಿ ದಾಟಿಸಲಿ ಅಂತಲೂ ಇತ್ತು. ನೀನೇನಾದರೂ ಮಾಡಿರಬಹುದು ಅನ್ನೋ ಅನುಮಾನ ಹೋಗಲಿಲ್ಲ ನನಗೆ. ಈಗ ಹೇಳು. ನೀನೂ ತಂದಿದ್ದೆಯಾ?"

ತಮ್ಮ ರುಮಾಲು ಬಿಚ್ಚಿದ. ಒಳಮಡಿಕೆಯಿಂದ ತೆಗೆದು ಅಣ್ಣನದರ ಪಕ್ಕದಲ್ಲಿಟ್ಟ.

"ಯಾಕೆ ತಂದೆಯಪ್ಪ?"

"ಅಣ್ಣ ತಂದಿರ್ತಾನೆ ಅಂತ, ಅತ್ತಿಗೆ."

"ಅವರಿಗೂ ಏನೋ ಸಂಶಯ ಇತ್ತು," ಎಂದಳು ಅವಳು. "ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು, ಅವನು ಬರಿಗೈಲಿ ಬರ್ತಾನೇನೇ ಅಂತ ನನ್ನ ಕೇಳಿದರು. ನಿಮ್ಮ ತಮ್ಮ ಅಲ್ಲವೇ ಅಂದೆ."

ತಮ್ಮ ಅಲ್ಲೇ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತಿಗೆ ಅವನ ಭುಜ ಹಿಡಿದು ಎಬ್ಬಿಸಿದಳು. ಯಜಮಾನನ ಅಪ್ಪಣೆ ಕೇಳಲಿಲ್ಲ. ಅವನನ್ನು ಕರೆದುಕೊಂಡು ಮನೆಯ ಕಡೆ ಹೊರಟಳು. ಯಾರೂ ತಡೆಯಲಿಲ್ಲ. ಗಡಿ ಕಾಯುವವನು ಕಮ್ಮಾರನ ರಟ್ಟೆ ಬಿಟ್ಟ. ಕಲ್ಲಿನ ಮೇಲೆ ಮೂರು ಪುಟ್ಟ ಪಿಸ್ತೂಲುಗಳಿದ್ದವು. ಮುದುಕಿ ಕೊರಳಿನ ದಾರ ಹರಿದು ತನ್ನದನ್ನೂ ಅವುಗಳ ಪಕ್ಕದಲ್ಲಿಟ್ಟಳು. ಅದಾದ ಮೇಲೆ ಇನ್ನೊಂದು ಬೀಳಲಿಲ್ಲ. ಜನ ಒಬ್ಬರ ಹಿಂದೊಬ್ಬರು ಕರಗಿದರು, ಬೆನ್ನು ತೋರಿಸದೆ, ಹಿಮ್ಮುಖವಾಗಿಯೇ.

ಕಮ್ಮಾರ ಅಂದೇ ಕುಲುಮೆಯ ಬಾಗಿಲನ್ನು ಕೀಲಿನಿಂದ ಕಿತ್ತು, ಅದನ್ನೇ ಒಲೆಗೆ ಹಾಕಿ, ಆ ಬೆಂಕಿಯಲ್ಲಿ ನಾಲ್ಕನ್ನೂ ಕರಗಿಸಿದ. ಅಂದಿನಿಂದ ಬೀದಿಯಲ್ಲಿ ಹೋಗುವವರಿಗೆಲ್ಲ ಒಳಗಿನ ಬೆಂಕಿ ಕಾಣುತ್ತಿತ್ತು; ಒಳಗೆ ಯಾರಿದ್ದಾರೆ, ಏನು ಕೊಡುತ್ತಿದ್ದಾರೆ, ಏನು ಒಯ್ಯುತ್ತಿದ್ದಾರೆ, ಎಲ್ಲ ಕಾಣುತ್ತಿತ್ತು. ಎಷ್ಟೋ ದಿನ ಯಾರೂ ಬರಲಿಲ್ಲ. ಗಾಣ ಮಾತ್ರ ಮತ್ತೆ ತಿರುಗತೊಡಗಿತು. ಅತ್ತಿಗೆ ಎಳ್ಳು ಹಾಕುತ್ತಿದ್ದಳು, ತಮ್ಮ ಎತ್ತು ಹೊಡೆಯುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ ಎಂದು ನೋಡಿದವರು ಹೇಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ಬೀದಿ ತುಂಬ ಜನ ಓಡಾಡುವ ಹೊತ್ತಿನಲ್ಲಿ, ಯಜಮಾನ ಬಂದು ಕುಲುಮೆಯ ಮುಂದೆ ನಿಂತ. ಬಲಗೈ ನಿಲುವಂಗಿಯೊಳಗಿತ್ತು. ಅಭ್ಯಾಸಬಲದಿಂದ ಎಡಗೈ ಬಾಗಿಲಿಗಾಗಿ ತಡಕಿತು. ಬಾಗಿಲಿರಲಿಲ್ಲ.

"ಮಧ್ಯಾಹ್ನ ಬರಲೇನಯ್ಯ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಮಧ್ಯಾಹ್ನ ನಾನು ಮಲಗ್ತೀನಿ ಯಜಮಾನರೇ."

"ಕರಗಿಸೋಕೆ ಯಾರಾದರೂ ತಂದುಕೊಟ್ಟರಾ?"

"ಇಲ್ಲ."

"ಯಾರೂ?"

"ಯಾರೂ ಇಲ್ಲ."

ಯಜಮಾನ ಬೀದಿಯ ಕಡೆ ನೋಡಿದ. ಜನ ನಡಿಗೆ ನಿಧಾನ ಮಾಡಿದ್ದರು. ನೋಡುತ್ತಿಲ್ಲವೆಂಬಂತೆ ನೋಡುತ್ತಿದ್ದರು. ನಿಲುವಂಗಿಯೊಳಗಿನ ಕೈ ಹೊರಗೂ ಬರಲಿಲ್ಲ, ಅವನ ಕಾಲು ಹಿಂದಕ್ಕೂ ಹೋಗಲಿಲ್ಲ. ಕಮ್ಮಾರ ಒಂದು ಮಣೆ ತಂದು ಅವನ ಮುಂದಿಟ್ಟ.

"ಕೂತ್ಕೊಳ್ಳಿ. ಅವಸರ ಏನಿಲ್ಲ."

ಅವನು ಕೂತ. ಬಿಸಿಲು ಅವನ ಪಾದದಿಂದ ಮೊಣಕಾಲಿಗೆ ಏರಿತು. ಕಮ್ಮಾರ ತಿದಿ ಒತ್ತುತ್ತಲೇ ಇದ್ದ, ಬೆಂಕಿ ಕೆಂಪಗಾಗುತ್ತಲೇ ಇತ್ತು. ಕೊನೆಗೆ ಯಜಮಾನ ಕೈಯನ್ನು ಹೊರಗೆ ತೆಗೆದು, ಮುಷ್ಟಿ ಬಿಚ್ಚಿದ. ಅದರಲ್ಲಿದ್ದದ್ದನ್ನು ಬೀದಿಯಲ್ಲಿದ್ದವರೆಲ್ಲ ನೋಡಿದರು.

ನೀರು ಹೊತ್ತು ಹೋಗುತ್ತಿದ್ದ ಸೂಲಗಿತ್ತಿ ಕೊಡವನ್ನು ಕೆಳಗಿಳಿಸಿ, ತುರುಬು ಬಿಚ್ಚುತ್ತ ಬಂದು, ಅವನ ಹಿಂದೆ ನಿಂತಳು.